ಉಗ್ರಾಣದಲ್ಲಿ ಮಂಗಳ

ಮಂಗಳ ಗ್ರಹದ ಮೇಲೆ ಚಿಕ್ಕಲಕ್ಷ್ಮಮ್ಮನಿಗೆ ಮೊದಲಿಂದಲೂ ಸಿಟ್ಟು. ಮಗಳು ಪುಷ್ಪಾಳ ಜಾತಕದಲ್ಲಿ ಕುಜ ಕೂರಬಾರದ ಮನೆಯಲ್ಲಿ ಕೂತುಬಿಟ್ಟಿದ್ದಾನೆ ಅಂತ ಮಳವಳ್ಳಿಯ ಜೋಯಿಸರು ಹೇಳಿದ್ದೇ ಹೇಳಿದ್ದು, ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು ಹೋದರು. ಒಂದಲ್ಲ ಎರಡಲ್ಲ, ಆರು ವರ್ಷ! ಕೊನೆಗೆ ಜಾತಕದ ಮಾತೇ ಎತ್ತದ ನಾಗೇಶ ಅನ್ನುವ ಪುಣ್ಯಾತ್ಮ ಸಿಕ್ಕಿ ಮದುವೆಯಾಯಿತು, ತೇಜು ಹುಟ್ಟಿದಳು. ಅಂಥದ್ದರಲ್ಲಿ ಅದೇ ತೇಜು ಎಂಟನೇ ಕ್ಲಾಸಿಗೆ ಬಂದು, ಅದೇ ಮಂಗಳನ ಬಗ್ಗೆ ಎರಡು ವಾರದಿಂದ ಊಟ ತಿಂಡಿ ಮರೆತು ಉರು ಹೊಡೆಯುತ್ತಿದ್ದರೆ ಅಜ್ಜಿಗೆ ಹೇಗಾಗಬೇಡ?

"ಅವನ ಸಾವಾಸ ಬ್ಯಾಡ ಕಣಮ್ಮಿ. ನಿಮ್ಮವ್ವನ್ನ ಆರು ವರ್ಸ ಮನೇಲಿ ಕೂರ್ಸಿದೋನು ಅವ್ನೇಯ."

"ಅಜ್ಜೀ, ಅದು ಕಲ್ಲುಮಣ್ಣಿನ ಗ್ರಹ. ಅದು ಯಾರನ್ನೂ ಕೂರ್ಸಲ್ಲ, ಏಳ್ಸಲ್ಲ."

"ನೀನ್ ಕಂಡಿದ್ದೆ, ಬುಡು."

ಹಲಗೂರಿನಿಂದ ಮುತ್ತತ್ತಿ ಕಡೆಗೆ ಹೋಗುವ ದಾರಿಯಲ್ಲಿ ಕಳ್ಳಿಕೊಪ್ಪಲಿನ ಪ್ರೌಢಶಾಲೆ. ಅಲ್ಲಿ ಚಿಕ್ಕಲಕ್ಷ್ಮಮ್ಮ ಹದಿನಾಲ್ಕು ವರ್ಷದಿಂದ ಬಿಸಿಯೂಟ ಬೇಯಿಸುತ್ತಿದ್ದಳು. ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ನಲ್ಲಿ ಹತ್ತಿರ ಅವಳು ಬಿಂದಿಗೆ ಇಟ್ಟರೆ ಉಳಿದವರು ತಾವಾಗಿಯೇ ಹಿಂದಕ್ಕೆ ಸರಿಯುತ್ತಿದ್ದರು. ಆದರೆ ಶಾಲೆಯ ಗೇಟು ದಾಟಿದಳೋ, ಆ ಬಾಯಿ ಎಲ್ಲಿ ಹೋಗುತ್ತಿತ್ತೋ. ಹೆಡ್‌ಮಾಸ್ಟರ್ ಮಹದೇವಯ್ಯನವರು ಎದುರಾದರೆ ಸೆರಗು ಹೊದ್ದು, ಗೋಡೆಗೆ ಅಂಟಿ ನಿಂತು, "ಸಾಮಿ" ಅನ್ನುವುದು ಬಿಟ್ಟರೆ ಎರಡನೇ ಮಾತಿಲ್ಲ.

ಆ ವರ್ಷ ಮದ್ದೂರಿನಿಂದ ಶಶಿಧರ್ ಅನ್ನುವ ಹೊಸ ವಿಜ್ಞಾನದ ಮೇಷ್ಟ್ರು ಬಂದಿದ್ದರು. ಹುಡುಗು ವಯಸ್ಸು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಿಜ್ಞಾನ ಪ್ರದರ್ಶನಕ್ಕೆ ಎಲ್ಲರೂ ಮಾಡುವ ಹಾಗೆ ಥರ್ಮಾಕೋಲಿನ ಜ್ವಾಲಾಮುಖಿ ಮಾಡಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಇಲ್ಲ, ಈ ಪುಣ್ಯಾತ್ಮನಿಗೆ ಮಂಗಳ ಗ್ರಹವೇ ಬೇಕು. ನೋಡುವುದಲ್ಲ, ಒಳಗೆ ಹೋಗಿ ನಿಲ್ಲಬೇಕು. ಅದಕ್ಕೆ ಆರಿಸಿಕೊಂಡದ್ದು ಅಡುಗೆಮನೆಯ ಹಿಂದಿನ ಹಳೇ ಅಕ್ಕಿ ಉಗ್ರಾಣ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ. ಇಲಿ ಹೆಗ್ಗಣ ಬರದಿರಲಿ ಅಂತ ಕಬ್ಬಿಣದ ತಗಡು ಹೊಡೆದ ಬಾಗಿಲು, ತಾರಸಿಗೆ ಒಂದು ಮೊಳ ಕೆಳಗೆ ಸಣ್ಣದೊಂದು ಗವಾಕ್ಷಿ. ಬೇರೆ ಕಿಟಕಿ ಇಲ್ಲ.

ನೆಲಕ್ಕೆ ಕೆರೆ ಏರಿಯ ಕೆಮ್ಮಣ್ಣು ಹರಡಿದರು. ಗಾಡಿಯಲ್ಲಿ ಕಲ್ಲು ತಂದು ಅಲ್ಲಲ್ಲಿ ಉರುಳಿಸಿದರು. ಕೆಂಪು ಬಲ್ಬು ಎರಡು. ಹಿಂದಿನ ಗೋಡೆಗೆ ಒರಗಿಸಿದ್ದ ಮುರುಕು ಬೆಂಚುಗಳು ಕಾಣದಂತೆ ಕಪ್ಪು ಬಟ್ಟೆ. ಪ್ರದರ್ಶನದ ದಿನ ಬೆಳಿಗ್ಗೆ ಎಂಟಕ್ಕೆ ಮೇಷ್ಟ್ರು ಗೆಜ್ಜಲಗೆರೆ ಕಡೆಯ ಯಾವುದೋ ಗೋಡೌನಿನಿಂದ ಥರ್ಮಾಕೋಲ್ ಡಬ್ಬದಲ್ಲಿ ಮೂವತ್ತು ಕೆ.ಜಿ. ಡ್ರೈ ಐಸು ತಂದಿಳಿಸಿದರು. ಬಿಳೀ ಇಟ್ಟಿಗೆಯ ಹಾಗಿತ್ತು. ಮುಟ್ಟಿದರೆ ಚರ್ಮ ಸುಡುತ್ತದೆ ಅಂದರು. ನೀರಾಗುವುದೇ ಇಲ್ಲ, ಹಾಗೇ ಹೊಗೆಯಾಗಿ ಹೋಗುತ್ತದೆ ಅಂದರು.

"ಅಲ್ಲ ಮೇಷ್ಟ್ರೇ, ಐಸು ಅಂದ್ಮೇಲೆ ಮುಚ್ಚಿ ಮಡಗ್ಬೇಕು. ಈ ಗೋಡೆ ಸಂದೀಲೆಲ್ಲ ಗಾಳಿ ಆಡ್ತಾ ಅದೆ. ಸಾಯೇಬ್ರು ಬರೋಗಂಟ ಉಳ್ದಾದಾ?"

"ಅದೇ ಯೋಚನೆ ಕಣಮ್ಮ ನಂಗೂ. ಏನ್ ಮಾಡದು ಹೇಳು."

ಕೇಳಿದ್ದೇ ತಡ, ಚಿಕ್ಕಲಕ್ಷ್ಮಮ್ಮನಿಗೆ ಉಬ್ಬಿ ಹೋಯಿತು. ಮೇಷ್ಟ್ರೊಬ್ಬರು ತನ್ನನ್ನು ಬುದ್ಧಿ ಕೇಳುವುದು ಅಂದರೇನು! ಅವಳ ಅಪ್ಪ ಹಿಂದೆ ಹಗೇವಿನಲ್ಲಿ ರಾಗಿ ತುಂಬುತ್ತಿದ್ದ. ನೆಲದಡಿಯಲ್ಲಿ ಗುಡಾಣದ ಹಾಗೆ ಆಳು ಎತ್ತರಕ್ಕೂ ಹೆಚ್ಚು ತೋಡಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಸುತ್ತ ಸಗಣಿ ಕಲಸಿದ ಜೇಡಿಮಣ್ಣು ಮೆತ್ತಿದರೆ ಹತ್ತು ವರ್ಷ ಹುಳು ಹಿಡಿಯುತ್ತಿರಲಿಲ್ಲ. ಆ ಮೆತ್ತುವ ಕೆಲಸ ಅವಳ ಕೈಗೆ ಬಂದಿತ್ತು. ಒಂದು ಬಾಂಡ್ಲಿ ಮಣ್ಣು ಸಗಣಿ ಕಲಸಿ ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದು ಎಲ್ಲ ಮೆತ್ತಿದಳು. ಬೆಳಕು ಬೀಳದಿರಲಿ ಅಂತ ಗವಾಕ್ಷಿಗೆ ರಟ್ಟು ಒತ್ತಿ ಹಿಂದಿನ ದಿನವೇ ಮೆತ್ತಿದ್ದು ಒಣಗಿ ಗಟ್ಟಿಯಾಗಿತ್ತು. "ಒಂದ್ ಇರುವೆ ನುಗ್ಲಿ ನೋಡನ" ಅಂತ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

ಮುಖ್ಯ ಅತಿಥಿಗಳು ಮಂಡ್ಯದಿಂದ ಬರುವ ಸಾಹೇಬರು. ಹನ್ನೊಂದಕ್ಕೆ ಬಂದು, ರಿಬ್ಬನ್ ಕತ್ತರಿಸಿ, ಬಾಗಿಲು ತೆರೆಯುತ್ತಲೇ ಹೊಗೆ ಧುಮುಕಿ ಅವರ ಕಾಲು ತೊಳೆಯಬೇಕು ಅನ್ನುವುದು ಮಹದೇವಯ್ಯನವರ ಆಸೆ. ಡ್ರೈ ಐಸಿನ ಮೇಲೆ ಬಿಸಿನೀರು ಹುಯ್ದರೆ ಹೊಗೆ ಉಕ್ಕುತ್ತದಂತೆ. ಹಾಗಾಗಿ ಚಿಕ್ಕಲಕ್ಷ್ಮಮ್ಮ ಎರಡು ದೊಡ್ಡ ಡಬರಿ ಕುದಿನೀರಿಟ್ಟುಕೊಂಡು ಕಪ್ಪು ಬಟ್ಟೆಯ ಹಿಂದೆ ಕೂರಬೇಕು. ಹೊರಗೆ ಪಿ.ಟಿ. ಮೇಷ್ಟ್ರು ಅಶೋಕ್ ಪೀಪಿ ಊದಿದರೆ ನೀರು ಹುಯ್ಯಬೇಕು. ತೇಜು ಗಗನಯಾತ್ರಿ. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ರೇನ್‌ಕೋಟು, ತಲೆಗೆ ನೀರಿನ ಕ್ಯಾನು ಕತ್ತರಿಸಿ ಮಾಡಿದ ಟೋಪಿ.

ಹತ್ತೂವರೆಗೆ ಇಬ್ಬರನ್ನೂ ಒಳಗೆ ಬಿಟ್ಟರು. ಮಕ್ಕಳು ಬಾಗಿಲು ತಳ್ಳಿ ತಳ್ಳಿ ಇಣುಕುತ್ತಿದ್ದವು. ತಳ್ಳಿದಾಗಲೆಲ್ಲ ಹೊಗೆ ಆಚೆಗೆ ಹೋಗುತ್ತಿತ್ತು. ಮಹದೇವಯ್ಯನವರಿಗೆ ರೇಗಿ ಹೋಯಿತು. ಬಾಗಿಲೆಳೆದು, ಚಿಲಕ ಹಾಕಿ, ಬೀಗ ಜಡಿದು, ಬೀಗದ ಮೇಲೆ ರಿಬ್ಬನ್ ಕಟ್ಟಿಸಿ, ಕೀಲಿಯನ್ನು ಜೇಬಿಗೆ ಇಳಿಸಿದರು.

"ಕೆಳಗಡೆ ಸಂದೀಲಿ ಇನ್ನೂ ಹೊಗೆ ಬತ್ತಾ ಇದೆ ಕಣಮ್ಮ, ಒಳಗಿಂದ ಮುಚ್ಚು!"

"ಆಯ್ತು ಸಾಮಿ." ಹಸಿ ಗೋಣಿಚೀಲ ಸುರುಳಿ ಸುತ್ತಿ, ಹೊಸಿಲಿಗೂ ಬಾಗಿಲಿಗೂ ನಡುವೆ ಹಾರೆಯ ತುದಿಯಿಂದ ಗಿಡಿದು, ಮೇಲೆ ಉಳಿದ ಮಣ್ಣು ಬಡಿದಳು.

ಹೆಡ್‌ಮಾಸ್ಟರೂ ಶಶಿಧರ್ ಮೇಷ್ಟ್ರೂ ಸಾಹೇಬರನ್ನು ಎದುರುಗೊಳ್ಳಲು ಹಾರ ಹಿಡಿದು ರಸ್ತೆಗೆ ಹೋದರು. ಹೋಗುವ ಮೊದಲು ಶಶಿಧರ್ ಮೇಷ್ಟ್ರು ಬಾಗಿಲ ಪಕ್ಕದ ದೊಡ್ಡ ಸ್ಪೀಕರಿನಲ್ಲಿ ಮಂಗಳನ ಗಾಳಿಯ ಸದ್ದು ಹಾಕಿದರು. ಅಲ್ಲಿಗೆ ಕಳಿಸಿದ ಯಂತ್ರವೇ ಹಿಡಿದು ಕಳಿಸಿದ ನಿಜವಾದ ಸದ್ದಂತೆ. ಗುಂ ಅನ್ನುತ್ತಿತ್ತು, ಬಿಟ್ಟೂ ಬಿಡದೆ.

ಒಳಗೆ ಕೆಂಪು ಬೆಳಕು. ತೇಜು ಕಲ್ಲಿನ ಪಕ್ಕ ನಿಂತು ಇನ್ನೊಂದು ಸಲ ಒಪ್ಪಿಸಿದಳು.

"ಮಂಗಳನಲ್ಲಿ ಗಾಳಿ ಇದೆ. ಆದರೆ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿಗಿಂತಲೂ ತೆಳು. ಅದರಲ್ಲೂ ನೂರಕ್ಕೆ ತೊಂಬತ್ತೈದು ಪಾಲು ಇಂಗಾಲದ ಡೈಆಕ್ಸೈಡ್. ಸರಾಸರಿ ಉಷ್ಣತೆ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ. ಕಬ್ಬಿಣ ತುಕ್ಕು ಹಿಡಿದು ನೆಲವೆಲ್ಲ ಕೆಂಪು. ಒಮ್ಮೊಮ್ಮೆ ಏಳುವ ಧೂಳು ಇಡೀ ಗ್ರಹವನ್ನೇ ತಿಂಗಳುಗಟ್ಟಲೆ ಮುಚ್ಚಿಬಿಡುತ್ತದೆ."

"ತಿಂಗಳುಗಟ್ಲೆ? ಬಟ್ಟೆ ಒಗ್ದು ಎಲ್ಲಿ ಒಣಾಕ್ತಾರಮ್ಮಿ?"

"ಅಲ್ಲಿ ಬಟ್ಟೆ ಒಗ್ಯೋರೇ ಇಲ್ಲ ಅಜ್ಜಿ, ನೀರೂ ಇಲ್ಲ. ಕೇಳು. ನಡುಮಧ್ಯಾಹ್ನ ಅಲ್ಲಿ ನಿಂತರೆ ಕಾಲಿಗೆ ಬೇಸಿಗೆ, ತಲೆಗೆ ಚಳಿಗಾಲ. ಸೂರ್ಯ ಮುಳುಗುವಾಗ ಆಕಾಶ ನೀಲಿ. ಚಳಿಗಾಲದಲ್ಲಿ ಧ್ರುವಗಳ ಹತ್ತಿರ ಗಾಳಿಯೇ ಹೆಪ್ಪುಗಟ್ಟಿ ಹಿಮವಾಗಿ ನೆಲಕ್ಕೆ ಬೀಳುತ್ತದೆ."

"ಗಾಳಿ ಗಟ್ಟಿಯಾಗಿ ಉದುರ್ತದಾ? ಯಾರ್ಗೇ ಏಳ್ತೀಯಾ ಕಾಗೆ ಗುಬ್ಬಕ್ಕನ ಕತೆಯಾ?"

"ನಿಜ ಕಣಜ್ಜಿ! ಈ ಡಬ್ಬದಲ್ಲಿರೋದೇ ಅದು."

ಚಿಕ್ಕಲಕ್ಷ್ಮಮ್ಮ ಡಬ್ಬದೊಳಗೆ ಇಣುಕಿದಳು. ಅಂಥ ಊರಿಗೆ ಯಾವ ತಾಯಿ ಹೆಣ್ಣು ಕೊಟ್ಟಾಳು ಅಂತ ಅವಳಿಗೆ ನಗು ಬಂತು. ತೇಜು ಕೊನೆಯ ಭಾಗಕ್ಕೆ ಬಂದಿದ್ದಳು. ಮೇಷ್ಟ್ರು ಬರೆದುಕೊಟ್ಟದ್ದರಲ್ಲಿ ಅದೇ ಜೀವಾಳ: ಗಗನಯಾತ್ರಿ ಎದೆ ಹಿಡಿದುಕೊಂಡು, "ಭೂಮೀ, ಭೂಮೀ, ನನ್ನ ಮಾತು ಕೇಳಿಸುತ್ತಿದೆಯೇ? ನನ್ನ ಆಮ್ಲಜನಕ ಮುಗಿಯುತ್ತಿದೆ. ಕಾಪಾಡಿ!" ಅಂತ ಕೂಗಬೇಕು. ಹತ್ತು ದಿನ ಮೈದಾನದಲ್ಲಿ ಇದನ್ನೇ ಕೂಗಿ ಕೂಗಿ ಶಾಲೆಯ ಗಿಡಮರಕ್ಕೂ ಬಾಯಿಪಾಠವಾಗಿತ್ತು.

ಅಷ್ಟರಲ್ಲಿ ಹೊರಗೆ ಪೀಪಿ ಕೇಳಿತು.

"ಬಂದ್ರು ಕಣಮ್ಮಿ, ನಿಂತ್ಕೋ!" ಚಿಕ್ಕಲಕ್ಷ್ಮಮ್ಮ ಡಬ್ಬವನ್ನೇ ಮಗುಚಿ, ಒಂದಾದ ಮೇಲೊಂದು ಎರಡು ಡಬರಿ ನೀರನ್ನೂ ಸುರಿದುಬಿಟ್ಟಳು.

ಅಬ್ಬಬ್ಬಾ! ಕೊತಕೊತ ಅಂತ ಕುದ್ದು ಬಿಳಿಯ ಹೊಗೆ ಉಕ್ಕಿ ಉಕ್ಕಿ ಬಂತು. ಕಲ್ಲುಗಳು ಮುಳುಗಿದವು. ಮೊಳಕಾಲು ಮುಳುಗಿತು. ತಣ್ಣಗೆ, ಕೆಂಪು ಬೆಳಕಿನಲ್ಲಿ ತೇಲುವ ಆ ಹೊಗೆಯ ನಡುವೆ ಬೆಳ್ಳಿ ಬಟ್ಟೆ ತೊಟ್ಟು ನಿಂತ ಮೊಮ್ಮಗಳನ್ನು ನೋಡಿ ಚಿಕ್ಕಲಕ್ಷ್ಮಮ್ಮನಿಗೆ ಕಣ್ಣು ತುಂಬಿತು. ಕುಜನ ಮೇಲಿನ ಸಿಟ್ಟೂ ಒಂದು ಗಳಿಗೆ ಮರೆತಳು. ಇಬ್ಬರೂ ಬಾಗಿಲು ನೋಡುತ್ತ ನಿಂತರು.

ಬಾಗಿಲು ತೆರೆಯಲಿಲ್ಲ.

ಪೀಪಿ ಮತ್ತೆ ಕೇಳಿತು. "ಲೇ, ಸಾಲಲ್ಲಿ ನಿಂತ್ಕೊಳ್ರೋ!" ಅಂತ ಅಶೋಕ್ ಮೇಷ್ಟ್ರು ಯಾರನ್ನೋ ಗದರಿದ್ದು ಗಾಳಿಯ ಸದ್ದಿನ ನಡುವೆ ಸಣ್ಣಗೆ ಕೇಳಿತು. ಅಯ್ಯೋ ನನ್ನ ಕರ್ಮವೇ, ಆ ಮನುಷ್ಯ ಪೀಪಿ ಊದಿದ್ದು ಮಕ್ಕಳಿಗೆ! ಸಾಹೇಬರು ಇನ್ನೂ ಬಂದೇ ಇಲ್ಲ.

"ನೀರೆಲ್ಲ ಉಯ್ದುಬುಟ್ನಲ್ಲವ್ವಾ. ಎಡ್ಮೇಷ್ಟ್ರು ನನ್ನ ಸುಮ್ನೆ ಬುಟ್ಟಾರಾ?" ಅವಳಿಗಾಗ ಅಷ್ಟೇ ಚಿಂತೆ.

ಐದು ನಿಮಿಷವಾಯಿತೋ ಏನೋ. ತೇಜು ಟೋಪಿ ಕಿತ್ತು ಎಸೆದಳು. "ಇದ್ರೊಳಗೆ ಉಸಿರಾಡಕ್ಕಾಯ್ತಿಲ್ಲ ಅಜ್ಜಿ." ಟೋಪಿ ತೆಗೆದ ಮೇಲೂ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಬೆಳಿಗ್ಗೆ ಏನೂ ತಿಂದಿಲ್ಲ ಇವಳು, ಅದಕ್ಕೇ, ಅಂದುಕೊಂಡಳು ಅಜ್ಜಿ. ತನ್ನದೇ ತಲೆ ಹೊಡೆಯುತ್ತಿತ್ತು. ಬೀಪಿ ಇರಬೇಕು ಅಂದುಕೊಂಡಳು. ಕಿವಿಯಲ್ಲಿ ಎದೆಬಡಿತ ಕೇಳಿಸತೊಡಗಿತು. ಇಬ್ಬರಿಗೂ ಒಂದೇ ಸಲ ಬೀಪಿ ಬರುತ್ತದೆಯೇ?

"ಕೂತ್ಕೋತೀನಿ ಅಜ್ಜಿ, ಕಾಲು ನಡುಗ್ತಿದೆ" ಅಂತ ತೇಜು ಕಲ್ಲಿನ ಮೇಲೆ ಕೂತಳು. ಹೊಗೆ ಅವಳ ಗಲ್ಲಕ್ಕೆ ಬಂತು. ಅವಳ ಕಣ್ಣು ತೇಲಿದ್ದು ಅಜ್ಜಿಗೆ ಕಂಡಿತು.

ಗಾಳಿ ಗಟ್ಟಿಯಾಗಿ ಈ ಡಬ್ಬದಲ್ಲಿದೆ ಅಂದಿದ್ದಳು ಹುಡುಗಿ. ಗಟ್ಟಿಯಾದದ್ದು ಈಗ ಕರಗಿದೆ. ಕರಗಿ ಏನಾಯಿತು? ಗಾಳಿಯಾಯಿತು. ಯಾವ ಗಾಳಿ? ಅವನ ಗಾಳಿ, ಆ ಹಾಳು ಮಂಗಳನ ಗಾಳಿ. ತಾನು ಒಂದು ಇರುವೆ ನುಗ್ಗದ ಹಾಗೆ ಮೆತ್ತಿ ಕೂತಿದ್ದೇನೆ.

ಸೊಂಟದಲ್ಲಿ ಸಿಕ್ಕಿಸಿದ್ದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದಳು. ಮುಖದ ಎದುರು ಮಂಕಾಗಿ ಉರಿಯಿತು. ಮೆಲ್ಲಗೆ ಕೆಳಗಿಳಿಸಿದಳು. ಎದೆಯ ಮಟ್ಟಕ್ಕೆ ಬರುತ್ತಲೇ ಬೆಂಕಿ ಊದಿದ ಹಾಗೆ ಆರಿತು. ಇನ್ನೊಂದು ಗೀರಿದಳು, ಅದೂ ಅಲ್ಲೇ ಆರಿತು.

ಹಗೇವು! ಇದು ಹಗೇವೇ ಆಗಿಹೋಗಿತ್ತು. ಹಗೇವಿನ ಬಾಯಿ ತೆಗೆದ ದಿನ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಲಾಂದ್ರ ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಕೂತಿದೆ ಅಂತ ಲೆಕ್ಕ. ಅವಳು ಎಂಟು ವರ್ಷದವಳಿದ್ದಾಗ ಚಿಕ್ಕಪ್ಪ ಆತುರಕ್ಕೆ ಬಿದ್ದು ಇಳಿದಿದ್ದ. ಕೂಗಲೂ ಇಲ್ಲ, ರಾಗಿಯ ಮೇಲೆ ಮಲಗಿದ ಹಾಗೆ ಬಿದ್ದಿದ್ದ. ಇಷ್ಟೆಲ್ಲ ಕಣ್ಣಾರೆ ಕಂಡವಳು, ಐಸು ಅಂದ ತಕ್ಷಣ ಐಸು ಅಂದುಕೊಂಡು ಮಣ್ಣು ಮೆತ್ತಿದೆನಲ್ಲ! ನನ್ನ ಕೈ ಸೇದಿಹೋಗ!

"ಏಳಮ್ಮಿ! ಮ್ಯಾಕೇಳು!" ತೋಳು ಹಿಡಿದು ಎಬ್ಬಿಸಿದಳು. ಕಪ್ಪು ಬಟ್ಟೆ ಕಿತ್ತೆಸೆದು ಮುರುಕು ಬೆಂಚೊಂದರ ಮೇಲೆ ಇನ್ನೊಂದು ಹೇರಿದಳು, ಅದರ ಮೇಲೆ ಮತ್ತೊಂದು. ಪ್ರತಿ ಬೆಂಚಿಗೂ ಜೀವ ಬಾಯಿಗೆ ಬರುತ್ತಿತ್ತು. ತೇಜುವನ್ನು ತಳ್ಳಿ ತಳ್ಳಿ ತುದಿಗೆ ಹತ್ತಿಸಿ, ತಾನೂ ಹತ್ತಿ, ತಾರಸಿಗೆ ತಲೆ ತಾಗಿಸಿಕೊಂಡು ಇಬ್ಬರೂ ಗುಬ್ಬಿಮರಿಗಳ ಹಾಗೆ ಕೂತರು.

"ಏನಾಯ್ತಜ್ಜಿ?"

"ನಿನ್ ಮಂಗಳ ಬಂದು ಕುಂತವ್ನೆ ಕೆಳ್ಗೆ. ಇಳಿಬ್ಯಾಡ."

ತೇಜು ಎಂಟನೇ ಕ್ಲಾಸಿನ ಹುಡುಗಿ. ಒಂದೇ ಮಾತಿಗೆ ಅವಳಿಗೆ ಎಲ್ಲ ಗೊತ್ತಾಯಿತು. "ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ ಅಜ್ಜಿ" ಅಂದವಳು ಅಳತೊಡಗಿದಳು. "ನಾವು ಸತ್ತೋಗ್ತೀವಾ?"

"ಬಾಯ್ಮುಚ್ಚು. ಅತ್ರೆ ಉಸುರು ಮುಗೀತದೆ." ಹೇಳಿದವಳಿಗೇ ಅಳು ಬರುತ್ತಿತ್ತು. ತಾನು ಹೋದರೆ ಹೋಗಲಿ, ಅರವತ್ತಾಗುತ್ತ ಬಂತು. ಈ ಮಗುವಿನ ಹೆಣ ಎತ್ತಿಕೊಂಡು ಪುಷ್ಪಾಳ ಮುಂದೆ ಯಾರು ಹೋಗಿ ನಿಲ್ಲಬೇಕು? ಏನಂತ ಹೇಳಬೇಕು, ನಿಮ್ಮವ್ವ ಸಂದು ಮುಚ್ಚಿ ಸಾಯಿಸಿದಳು ಅಂತಲೇ?

ಇಳಿದು ಹೊಸಿಲ ಗೋಣಿ ಕಿತ್ತರೆ ಕೆಟ್ಟ ಗಾಳಿ ನೀರಿನ ಹಾಗೆ ಹರಿದು ಹೋಗಬಹುದು ಅನ್ನಿಸಿತು. ಉಸಿರು ಕಟ್ಟಿ ಇಳಿದಳು. ಹೊಗೆಯೊಳಗೆ ಕೈ ತಡಕಾಡಿತು, ಹಾರೆ ಎಲ್ಲಿ ಬಿದ್ದಿತ್ತೋ ಸಿಗಲಿಲ್ಲ. ತಾನೇ ಹಾರೆಯಲ್ಲಿ ಗಿಡಿದ ಗೋಣಿ, ಎಲ್ಲಿ ಬಂದೀತು! ಒಂದು ಕೊನೆ ಬೆರಳಿಗೆ ಸಿಕ್ಕಿತು, ಎಳೆದಳು, ಎಳೆದಳು. ತಡೆಯಲಾರದೆ ಅರ್ಧ ಉಸಿರು ಎಳೆದದ್ದೇ, ಮೂಗಿಗೆ ಸೋಡಾ ಹೊಕ್ಕ ಹಾಗೆ ಚುರ್ ಅಂದು ತಲೆ ಗಿರ್ರನೆ ತಿರುಗಿತು. ಬೆಂಚನ್ನು ಹೇಗೆ ತಬ್ಬಿದಳೋ, ತೇಜು ಅವಳ ಜುಟ್ಟು, ಕುಪ್ಪಸ ಕೈಗೆ ಸಿಕ್ಕಿದ್ದೆಲ್ಲ ಹಿಡಿದು ಹೇಗೆ ಎಳೆದುಕೊಂಡಳೋ. ಮೇಲೆ ಬಂದು ವಾಂತಿ ಮಾಡಿಕೊಂಡಳು.

ಇನ್ನು ಉಳಿದದ್ದು ಗವಾಕ್ಷಿ. ಬೆಂಚಿನ ಮುರಿದ ಕಾಲು ಕಿತ್ತುಕೊಂಡು ರಟ್ಟಿನ ಮೇಲೆ ಕುಕ್ಕಿದಳು. ನಿನ್ನೆ ಮೆತ್ತಿದ ಮಣ್ಣು ಕಲ್ಲಾಗಿತ್ತು. ಒಳ್ಳೇ ಕೆಲಸಗಾತಿ ನೀನು, ಹಾಳಾದವಳೇ ಅಂತ ತನ್ನನ್ನೇ ಬೈದುಕೊಳ್ಳುತ್ತ ಕುಕ್ಕಿದಳು. ಕೊನೆಗೆ ಮುಷ್ಟಿಯಷ್ಟು ತೂತಾಯಿತು. ತೇಜುವಿನ ಮುಖವನ್ನು ಅದಕ್ಕೆ ಒತ್ತಿದಳು.

"ಎಳಿ ಉಸುರಾ. ಎಳಿ. ಆಮ್ಯಾಕೆ ಕೂಗು."

ಹುಡುಗಿ ನಾಲ್ಕು ಉಸಿರು ಎಳೆದುಕೊಂಡು ಕೂಗಿದಳು. "ಸಾರ್! ಅಶೋಕ್ ಸಾರ್! ಉಸಿರಾಡಕ್ಕಾಯ್ತಿಲ್ಲ! ಬಾಗ್ಲು ತೆಗೀರಿ! ಕಾಪಾಡಿ!"

ಹೊರಗೆ ಮಕ್ಕಳು ಹೋ ಅಂತ ಚಪ್ಪಾಳೆ ತಟ್ಟಿದವು. "ಭೂಮೀ, ಭೂಮೀ" ಅಂತ ಹತ್ತಾರು ಬಾಯಿ ಒಟ್ಟಿಗೆ ಕೂಗಿದವು. ಅಶೋಕ್ ಮೇಷ್ಟ್ರು ಗಾಳಿಯ ಸದ್ದನ್ನೂ ಮೀರಿಸಿ ಕಿರುಚಿದರು. "ಸೂಪರ್ ತೇಜು! ಆದ್ರೆ ಈಗ್ಲೇ ಬ್ಯಾಡ ಕಣಮ್ಮ, ಸಾಹೇಬ್ರು ಬಂದ್ಮೇಲೆ ಹೇಳುವಂತೆ!"

"ಸಾರ್, ನಿಜವಾಗ್ಲೂ ಸಾರ್! ಅಜ್ಜಿ ಸತ್ತೋಯ್ತದೆ ಸಾರ್!"

ಮತ್ತೆ ಚಪ್ಪಾಳೆ. ತೇಜು ತಿರುಗಿ ಅಜ್ಜಿಯ ಮುಖ ನೋಡಿದಳು. ಹುಡುಗಿಯ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು.

ಹೌದಲ್ಲ. ಕಾಪಾಡಿ ಅನ್ನುವುದನ್ನೇ ನಾಟಕದ ಮಾತು ಮಾಡಿಟ್ಟಿದ್ದಾರೆ. ಇನ್ನು ಎಷ್ಟು ಕೂಗಿದರೂ ಅಷ್ಟು ಚೆನ್ನಾಗಿ ಮಾಡಿದೆ ಅಂತಾರೆ. ಹಾಗಾದರೆ ಯಾವ ಮೇಷ್ಟ್ರೂ ಯಾವ ಮಗುವಿಗೂ ಬರೆದುಕೊಡದ ಮಾತೇ ಆಗಬೇಕು. ಚಿಕ್ಕಲಕ್ಷ್ಮಮ್ಮ ತೂತಿಗೆ ಬಾಯಿ ಹಚ್ಚಿದಳು. ಹದಿನಾಲ್ಕು ವರ್ಷ ಗೇಟಿನಾಚೆ ಬಿಟ್ಟು ಬರುತ್ತಿದ್ದ ಬಾಯಿ ಅದು.

"ಲೇ ಮಾದೇವಯ್ಯಾ! ಲೇ ಮುಂಡೇಮಗನೆ! ಬೀಗ ಜಡ್ದು ಎಲ್ಲೋಗಿ ಸತ್ತಿದ್ದೀಯಲಾ? ನಿನ್ ಮನೆ ಎ‌ಕ್ಕುಟ್ಟೋಗ! ನಿನ್ ರಿಬ್ಬನ್ನಿಗೆ ಬೆಂಕಿ ಆಕ! ನಿನ್ ಸಾಯೇಬನ ಮಕದ್ ಮ್ಯಾಲೆ ನನ್ ಎಕ್ಡ! ಬಾರ್ಲಾ ಇಲ್ಲಿ, ಗಂಡಸಾಗಿದ್ರೆ ಬಂದು ಬಾಗ್ಲು ತಗಿಲಾ!"

ಚಪ್ಪಾಳೆ ಗಪ್ಪನೆ ನಿಂತಿತು. ಮಂಗಳನ ಗಾಳಿಯೊಂದೇ ಗುಂಯ್‌ಗುಡುತ್ತಿತ್ತು. ಒಂದು ಮಗು "ಹೆಡ್‌ಮಾಸ್ಟ್ರಿಗೆ ಬಯ್ತಾವ್ರೆ" ಅಂದದ್ದು ಕೇಳಿತು.

"ಏಯ್, ಬಾಯ್ಮುಚ್ಚಮ್ಮ! ಹುಚ್ಚು ಗಿಚ್ಚು ಹಿಡೀತಾ? ಕಾರು ಬಂತು ಅಲ್ಲಿ!" ಅಶೋಕ್ ಮೇಷ್ಟ್ರು ಗವಾಕ್ಷಿಯ ಕೆಳಗೇ ಬಂದು ಗದರಿದರು.

"ನೀನೂ ಓಗ್ಲಾ, ಪೀಪಿ ನನ್ ಮಗನೆ! ಓಗಿ ಏಳು ಅವನ್ಗೆ, ಅಡ್ಗೆಯೋಳು ಇಂಗಂತಾವ್ಳೆ ಅಂತ! ಅವನ್ ವಂಸಾನೆಲ್ಲ ಬೀದಿಗೆಳೀತೀನಿ ಅಂತಾವ್ಳೆ ಅಂತ ಏಳು!"

ಅಶೋಕ್ ಮೇಷ್ಟ್ರು ಓಡಿದರು. ಕಾಪಾಡಲಿಕ್ಕಲ್ಲ, ಚಾಡಿ ಹೇಳಲಿಕ್ಕೆ, ಆದರೂ ಓಡಿದರಲ್ಲ. ಚಿಕ್ಕಲಕ್ಷ್ಮಮ್ಮ ತೇಜುವಿನ ಮುಖವನ್ನು ಮತ್ತೆ ತೂತಿಗೆ ಒತ್ತಿ ಹಿಡಿದು, ತಾನು ಬೈಯುತ್ತಲೇ ಇದ್ದಳು. ದನಿ ಹೊರಡುತ್ತಿರಲಿಲ್ಲ, ತುಟಿಯಷ್ಟೇ ಆಡುತ್ತಿತ್ತು. ನಿಲ್ಲಿಸಿದರೆ ಕಣ್ಣು ಮುಚ್ಚಿಹೋಗುತ್ತದೆ ಅನ್ನುವ ಭಯ. ಎಷ್ಟು ಹೊತ್ತಾಯಿತೋ ಅವಳಿಗೆ ತಿಳಿಯದು. ಬೀಗ ಖಟ್ ಅಂದಿತು.

ಗೋಣಿ ಸಿಕ್ಕಿಕೊಂಡಿದ್ದ ಬಾಗಿಲನ್ನು ಆಚೆಯಿಂದ ಮೂವರು ಒದ್ದರು. ಬೆಳಕು ನುಗ್ಗಿತು. ತೇಜುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು, ಹೊಗೆಯಲ್ಲಿ ಎಡವಿ, ರಿಬ್ಬನ್ನಿನ ತುಂಡು ಕಾಲಿಗೆ ಸುತ್ತಿಕೊಂಡು ಹೊಸಿಲಾಚೆ ಬಂದು ಬಿದ್ದಳು. ಹಿಂದೆಯೇ ಬಿಳಿಯ ಹೊಗೆ ಹರಿದು ಬಂದು ಎಲ್ಲರ ಪಾದ ಮುಚ್ಚಿತು. ಹಾರ ಹಾಕಿಕೊಂಡು ನಿಂತಿದ್ದ ಸಾಹೇಬರು ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು. ಫೋಟೋದವನು ಫೋಟೋ ಹೊಡೆದ.

ಮಹದೇವಯ್ಯನವರ ಮುಖ ಕೆಂಪೇರಿತ್ತು. "ಏನಮ್ಮ, ಮೈಮೇಲೆ ಜ್ಞಾನ ಇದ್ಯಾ ನಿಂಗೆ? ಯಾರ ಮುಂದೆ ಏನ್ ಬಾಯಿ ಅದು? ಏಳು, ನಿಂಗೆ ಆಮೇಲೆ ಮಾಡ್ತೀನಿ. ಮೊದ್ಲು ದಾರಿ ಬಿಡು, ಹೊಗೆ ಹೋಗೋದ್ರೊಳಗೆ ಮಕ್ಳು ಒಳಗೋಗ್ಲಿ. ಚಿಕ್ ಮಕ್ಳು ಮುಂದೆ ಬನ್ರಪ್ಪಾ!"

ಪಕ್ಕದ ಅಂಗನವಾಡಿಯ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ಸಾಲಾಗಿ ನಿಂತಿದ್ದವು. ಸಾಲು ಕದಲಿತು.

ಚಿಕ್ಕಲಕ್ಷ್ಮಮ್ಮ ಏಳಲಿಲ್ಲ. ತೆವಳಿಕೊಂಡು ಹಿಂದಕ್ಕೆ ಹೋಗಿ ಹೊಸಿಲಿಗೆ ಅಡ್ಡ ಕೂತಳು, ಎರಡು ಕೈ ಎರಡು ಕಡೆಯ ಚೌಕಟ್ಟಿಗೆ ಚಾಚಿ.

"ಬುಡಲ್ಲ ಸಾಮಿ."

"ಏಯ್!"

"ತುಳ್ಕೊಂಡೋಗಿ. ನಾನ್ ಬುಡಲ್ಲ."

ಶಶಿಧರ್ ಮೇಷ್ಟ್ರು ಅಷ್ಟರಲ್ಲಿ ತೇಜುವಿನ ತುಟಿ ನೋಡಿದ್ದರು. ಬಾಗಿಲು ನೋಡಿದರು, ಮೆತ್ತಿದ ಸಂದುಗಳನ್ನು ನೋಡಿದರು, ಖಾಲಿ ಡಬರಿಗಳನ್ನು ನೋಡಿದರು. ನೂರಕ್ಕೆ ತೊಂಬತ್ತೈದು ಪಾಲು ಅಂತ ಬರೆದುಕೊಟ್ಟವರು ಅವರೇ. "ಸಾರ್, ಬೇಡ ಸಾರ್, ಮಕ್ಕಳನ್ನ..." ಅಂದವರೇ ನೆಲದ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡರು.

"ಅವರ್ನ ಅನ್ಬ್ಯಾಡಿ" ಅಂದಳು ಚಿಕ್ಕಲಕ್ಷ್ಮಮ್ಮ. ಉಸಿರಿಗೊಂದು ಮಾತು ಬರುತ್ತಿತ್ತು. "ಮೆತ್ತಿದೋಳೂ ನಾನೇಯ, ಬಿಸ್ನೀರು ಉಯ್ದೋಳೂ ನಾನೇಯ. ನಂಗೆ ಏನ್ ಬೇಕಾರು ಮಾಡಿ. ಆದ್ರೆ ಇದೊಂದ್ ನೋಡಿ ಸಾಮಿ."

ಸಾಲಿನ ಮುಂದಿದ್ದ ಮಗುವನ್ನು ಹತ್ತಿರ ಕರೆದಳು. ಮೂಗು ಸುರಿಸುತ್ತಿದ್ದ ಹೆಣ್ಣುಮಗು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು. ಅದನ್ನು ಚೌಕಟ್ಟಿಗೆ ಆನಿಸಿ ನಿಲ್ಲಿಸಿ, ಗೋಡೆ ಹಿಡಿದುಕೊಂಡು ತಾನೂ ಎದ್ದು ನಿಂತಳು. ಮಗುವಿನ ತಲೆ ಅವಳ ಸೊಂಟಕ್ಕೆ ಬಂತು. ಸಗಣಿ ಮಣ್ಣು ಮೆತ್ತಿದ್ದ ಅಂಗೈಯನ್ನು ತನ್ನ ಎದೆಯ ಮಟ್ಟದಲ್ಲಿ ಚೌಕಟ್ಟಿನ ಮೇಲೆ ಒತ್ತಿದಳು.

"ಬೆಂಕಿಕಡ್ಡಿ ಇಲ್ಲಿ ಆರೋಯ್ತು ಸಾಮಿ. ಇಲ್ಲೀಗಂಟ ಉಸ್ರಿರ್ನಿಲ್ಲ."

ಯಾರೋ ಹೋಗಿ ಸ್ಪೀಕರ್ ನಿಲ್ಲಿಸಿದರು. ಮಹದೇವಯ್ಯನವರು ಆ ಕೈಗುರುತನ್ನು ನೋಡಿದರು. ಅದರ ಕೆಳಗೆ ಒಂದು ಗೇಣು ಬಿಟ್ಟು ನಿಂತು ತಮ್ಮನ್ನೇ ನೋಡಿ ನಗುತ್ತಿದ್ದ ಮಗುವನ್ನು ನೋಡಿದರು. ಚಿಕ್ಕಲಕ್ಷ್ಮಮ್ಮ ಕುಸಿದು ಕೂತು ತೇಜುವನ್ನು ಮಡಿಲಿಗೆ ಎಳೆದುಕೊಂಡು, ಎಲ್ಲರೆದುರಿಗೇ ಗಟ್ಟಿಯಾಗಿ ಅತ್ತಳು.

ಮಹದೇವಯ್ಯನವರು ಮಗುವನ್ನು ಎತ್ತಿಕೊಂಡು ಬಾಗಿಲಿಂದ ದೂರ, ಬೇವಿನ ಮರದ ಕೆಳಗೆ ಇಳಿಸಿ ಅದರ ತಲೆ ಮುಟ್ಟಿ "ಒಂದು" ಅಂದರು. ಆಮೇಲೆ ಎರಡನೆಯದನ್ನು ಕೈ ಹಿಡಿದು ಕರೆದುಕೊಂಡು ಬಂದರು. ಸಾಹೇಬರು ಏನೋ ಕೇಳಿದರು, ಅವರಿಗೆ ಕೇಳಿಸಲಿಲ್ಲ. ಮೂವತ್ತೆಂಟು ಮಕ್ಕಳನ್ನೂ ಒಂದೊಂದಾಗಿ ಮರದ ಕೆಳಗೆ ತಂದು ಎಣಿಸಿ ಮುಗಿಸಿದರು. ಮತ್ತೆ ಮೊದಲಿಂದ ಎಣಿಸತೊಡಗಿದರು.